ಅಪ್ಪ ಮಗನನ್ನು ‘ನೀವು’ ಎಂದಾಗ

ಶಿವಮೊಗ್ಗದ ಓದುಗರೊಬ್ಬರು ಮೆಕ್ಸಿಕೊದ ಹುವಾನ್ ರುಲ್ಫೊ ಅವರ ‘ನಾಯಿ ಬೊಗಳೋದು ಕೇಳಿಸ್ತಿಲ್ವಾ’ ಎಂಬ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದಾರೆ. ಅವರ ಪತ್ರದ ಸಾರ ಇಷ್ಟು: “ಸ್ಪ್ಯಾನಿಷ್ ಮಾತಾಡುವ ಜನಕ್ಕೆ ನಮ್ಮ ಹಾಗೇ ಕುಟುಂಬವೇ ಎಲ್ಲಕ್ಕಿಂತ ದೊಡ್ಡದು ಎಂದು ಓದಿದ್ದೆ. ಈ ಕಥೆಯಲ್ಲಿ ಅಪ್ಪ ಗಾಯಗೊಂಡ ಮಗನನ್ನು ಹೊತ್ತುಕೊಂಡು ಹೋಗುತ್ತಾ ಶಪಿಸುತ್ತಾನೆ. ಇದು ಎಂಥ ಕುಟುಂಬಪ್ರೀತಿ? ಇನ್ನೊಂದು, ‘ಕೊಂಪಾದ್ರೆ’ ಎನ್ನುವುದಕ್ಕೆ ‘ಗೆಳೆಯ’ ಎಂದು ಹಾಕಿದ್ದೇನೆ. ಸರಿಯೇ?”

ಮಾನ್ಯರೇ,

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

‘ಗೆಳೆಯ’ ಸರಿಯಲ್ಲ. ಕ್ಯಾಥೊಲಿಕ್ ಮನೆಯಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ಒಬ್ಬ ಗಂಡಸು, ಒಬ್ಬ ಹೆಂಗಸು ಮಗುವಿನ ಹೊಣೆ ಹೊತ್ತು ನಿಲ್ಲುತ್ತಾರೆ. ಮಗುವಿಗೆ ಅವರು ಪಾದ್ರಿನೊ, ಮಾದ್ರಿನಾ. ನಮ್ಮ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲೂ ಈ ಪದ್ಧತಿ ಇದೆ. ಆದರೆ ಲ್ಯಾಟಿನ್ ಅಮೆರಿಕದಲ್ಲಿ ಇದರ ತೂಕವೆಲ್ಲ ದೊಡ್ಡವರ ನಡುವೆ ಹುಟ್ಟುವ ನಂಟಿನ ಮೇಲೆ ಬೀಳುತ್ತದೆ. ಮಗುವಿನ ಅಪ್ಪನೂ ಪಾದ್ರಿನೊನೂ ಅಂದಿನಿಂದ ಒಬ್ಬರಿಗೊಬ್ಬರು ಕೊಂಪಾದ್ರೆ; ಹೆಂಗಸರಾದರೆ ಕೊಮಾದ್ರೆ. ಕಷ್ಟಕ್ಕೆ ಆಗಬೇಕು, ಸಾಲ ಕೇಳಿದರೆ ಇಲ್ಲವೆನ್ನಬಾರದು, ಜಗಳವಾಡಬಾರದು. ರಕ್ತವಿಲ್ಲದೆ, ಮದುವೆಯಿಲ್ಲದೆ ಕಟ್ಟಿದ ನಂಟಸ್ತಿಕೆ ಅದು. ಬೀದಿಮಾತಿನಲ್ಲಿ ‘ಏನಪ್ಪಾ ದೋಸ್ತ್’ ಎಂಬ ಅರ್ಥಕ್ಕೂ ಆ ಪದ ಸವೆದಿದೆ. ಇಂಗ್ಲಿಷ್ ಅನುವಾದಕರು ಜಾರುವುದು ಅಲ್ಲೇ.

ಈಗ ನಿಮ್ಮ ಕಥೆ ನೋಡಿ. ಮಗ ಇಗ್ನಾಸಿಯೊ ದಾರಿಗಳ್ಳನಾಗಿ ಕೊಲೆಗಳನ್ನು ಮಾಡಿದ್ದಾನೆ. ಆ ಪಾಪಕ್ಕೆಲ್ಲ ಸಾಕ್ಷಿಯೆಂದು ಅಪ್ಪ ಎತ್ತುವ ಹೆಸರು ಒಂದೇ, ತ್ರಾಂಕಿಲಿನೊ. ಅಪ್ಪನ ಕೊಂಪಾದ್ರೆ, ಮಗನ ಜ್ಞಾನಸ್ನಾನಕ್ಕೆ ನಿಂತು ಹೆಸರಿಟ್ಟವನು. ಮಗ ಅವನನ್ನೂ ಬಿಟ್ಟಿಲ್ಲ. ಇವನು ನನ್ನ ಮಗನಲ್ಲ ಎಂದು ಅಪ್ಪ ತೀರ್ಮಾನಿಸುವುದು ಅಂದಿನಿಂದ. ‘ನನ್ನ ಗೆಳೆಯನನ್ನು ಕೊಂದೆ’ ಎಂದು ನೀವು ಬರೆದರೆ ಅಪ್ಪನ ಶಾಪಕ್ಕೆ ಬುಡವೇ ಇರುವುದಿಲ್ಲ. ‘ಬೀಗರು’ ಎಂದು ಹಾಕುವ ಆಸೆಯಾಗಬಹುದು, ಬೇಡ. ಅದು ಮದುವೆಯ ನಂಟು, ಅದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಕೊನ್ಸುವೆಗ್ರೊ’ ಎಂಬ ಬೇರೆ ಪದವೇ ಇದೆ. ‘ಕೊಂಪಾದ್ರೆ’ ಎಂದೇ ಉಳಿಸಿ. ಅಡಿಟಿಪ್ಪಣಿಯೂ ಬೇಕಿಲ್ಲ. ಜ್ಞಾನಸ್ನಾನ ಮಾಡಿಸಿ ಹೆಸರಿಟ್ಟವನು ಎಂಬುದನ್ನು ರುಲ್ಫೊ ಮುಂದಿನ ವಾಕ್ಯಗಳಲ್ಲೇ ಹೇಳಿಬಿಡುತ್ತಾರೆ.

ಇನ್ನೊಂದು ಸಂಗತಿ ನಿಮ್ಮ ಕೈಯಲ್ಲಿರುವ ಇಂಗ್ಲಿಷ್ ಪಠ್ಯದಲ್ಲಿ ಸಿಗಲಾರದು. ಸ್ಪ್ಯಾನಿಷ್‌ನಲ್ಲಿ ನಮ್ಮ ನೀನು–ನೀವು ಥರ ‘ತೂ’ ಮತ್ತು ‘ಉಸ್ತೆದ್’ ಇವೆ. ಕಥೆಯ ಮೊದಲ ಭಾಗದಲ್ಲಿ ಅಪ್ಪ ಮಗನಿಗೆ ‘ತೂ’ ಎನ್ನುತ್ತಾನೆ: ಏನಾದರೂ ಕಾಣಿಸ್ತಿದೆಯಾ, ನಾಯಿ ಬೊಗಳೋದು ಕೇಳಿಸ್ತಿದೆಯಾ, ತುಂಬಾ ನೋಯ್ತಿದೆಯಾ. ಇದನ್ನೆಲ್ಲ ಮಾಡುತ್ತಿರುವುದು ನಿಮಗಾಗಿ ಅಲ್ಲ, ಸತ್ತ ನಿಮ್ಮ ತಾಯಿಗಾಗಿ ಎನ್ನುವಲ್ಲಿ ಮಾತು ‘ಉಸ್ತೆದ್’ಗೆ ತಿರುಗುತ್ತದೆ. ಅದು ಗೌರವವಲ್ಲ. ಮಗನನ್ನು ಮಗನ ಸ್ಥಾನದಿಂದ ಇಳಿಸಿ ಪರಕೀಯನನ್ನಾಗಿ ಮಾಡುವ ಮಾತು. ನಡುವೆ ದಾರಿ ಕೇಳಬೇಕಾದಾಗ ಮತ್ತೆ ‘ತೂ’ ನುಸುಳುತ್ತದೆ. ಅಳ್ತಿದ್ದೀಯಾ ಎಂದು ಕೇಳುವಲ್ಲಂತೂ ಪ್ರಶ್ನೆ ‘ತೂ’ನಲ್ಲಿದೆ, ಅದರ ಬೆನ್ನಿಗೇ ಬರುವ ಮಾತು ‘ಉಸ್ತೆದ್’ನಲ್ಲಿದೆ. ನೀವು ಕೇಳಿದ ಕುಟುಂಬಪ್ರೀತಿ ಇರುವುದು ಈ ಏರಿಳಿತದಲ್ಲಿ. ಬಾಯಿ ಮಗನನ್ನು ಹೊರಗೆ ಹಾಕುತ್ತದೆ, ಬೆನ್ನು ಅವನನ್ನು ಇಳಿಸುವುದಿಲ್ಲ. ಇಳಿಸಿದರೆ ಮತ್ತೆ ಎತ್ತಿಕೊಡಲು ಅಲ್ಲಿ ಯಾರೂ ಇಲ್ಲ.

ಇಂಗ್ಲಿಷ್‌ಗೆ ಇರುವುದು ಒಂದೇ ಪದ, ಅಲ್ಲಿ ಇದು ಕಳೆದುಹೋಗುತ್ತದೆ. ಕನ್ನಡದಲ್ಲಿ ಕಳೆಯಬೇಕಾಗಿಲ್ಲ. ಮೂಲದ ಪಠ್ಯ ಸಂಪಾದಿಸಿ, ಸ್ಪ್ಯಾನಿಷ್ ಬಾರದಿದ್ದರೂ ಪೆನ್ಸಿಲಿನಲ್ಲಿ ‘ಉಸ್ತೆದ್’ ಇದ್ದಲ್ಲೆಲ್ಲ ಗುರುತು ಹಾಕಿ. ಆ ಪದ ಬಾರದೆ ಕ್ರಿಯಾಪದ ಮಾತ್ರ ಬಂದ ಕಡೆಗಳನ್ನು ಭಾಷೆ ಬಲ್ಲವರಿಂದ ಕೇಳಿ ತಿಳಿಯಿರಿ. ಒಂದು ಅಪಾಯವಿದೆ. ನಮ್ಮ ಮನೆಗಳಲ್ಲಿ ಸಿಟ್ಟಿನ ‘ನೀವು’ ಕೊಂಕಾಗಿ ಕೇಳಿಸುತ್ತದೆ: ‘ದೊಡ್ಡವರು ನೀವು, ನಿಮಗೆ ಹೇಳೋರು ಯಾರು!’ ರುಲ್ಫೊನ ಅಪ್ಪನಲ್ಲಿ ಕೊಂಕಿಲ್ಲ. ‘ತಾವು’ ಬೇಡ, ಉದ್ಗಾರಚಿಹ್ನೆ ಬೇಡ, ವಾಕ್ಯ ಚಿಕ್ಕದಿರಲಿ. ಹಾಗೆಂದು ಈ ಸೂತ್ರವನ್ನು ಎಲ್ಲ ಕಥೆಗಳಿಗೂ ಹಚ್ಚಬೇಡಿ. ಕೋಸ್ಟಾರಿಕಾದಲ್ಲಿ, ಕೊಲಂಬಿಯಾದ ಬೆಟ್ಟಸೀಮೆಯಲ್ಲಿ ಅಪ್ಪ-ಮಕ್ಕಳು, ಗಂಡ-ಹೆಂಡತಿ ಸಲಿಗೆಯಲ್ಲೇ ‘ಉಸ್ತೆದ್’ ಎನ್ನುವುದುಂಟು. ಅಲ್ಲಿನ ಕಥೆಗೆ ‘ನೀವು’ ಹಾಕಿದರೆ ಮನೆಮಂದಿ ಕಚೇರಿಯವರಂತೆ ಮಾತಾಡಿಬಿಡುತ್ತಾರೆ.

ಸಂಬಂಧಸೂಚಕ ಪದಗಳಲ್ಲಿ ತೊಡಕು ತಿರುವುಮುರುವಾಗುತ್ತದೆ. ಸ್ಪ್ಯಾನಿಷ್‌ನ ‘ತೀಯಾ’ ಅತ್ತೆಯೂ ಹೌದು, ಚಿಕ್ಕಮ್ಮ ದೊಡ್ಡಮ್ಮಂದಿರೂ ಹೌದು. ‘ಎರ್ಮಾನೊ’ ಅಣ್ಣನೋ ತಮ್ಮನೋ ತಿಳಿಯದು. ಆಯ್ಕೆ ಮಾಡಲೇಬೇಕಾದ ಹೊರೆ ಕನ್ನಡದ ಮೇಲೆ ಬೀಳುತ್ತದೆ. ಬರೆಯುವ ಮೊದಲು ಕಥೆಯ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬಿಡಿಸಿ, ಯಾರು ಯಾರಿಗೆ ಏನು ಎಂಬುದನ್ನು ಒಮ್ಮೆ ನಿರ್ಧರಿಸಿ, ಆಮೇಲೆ ಬದಲಿಸಬೇಡಿ. ಕೆರಿಬಿಯನ್ ಕಡೆಯ ಕಥೆಗಳಲ್ಲಿ ತಾಯಿ ಪುಟ್ಟ ಮಗನನ್ನೇ ‘ಪಾಪಿ’, ಅಂದರೆ ‘ಅಪ್ಪ’, ಎಂದರೆ ಗಾಬರಿ ಬೇಡ. ‘ಬಾರಪ್ಪ’, ‘ಯಾಕಮ್ಮ’ ಎಂದು ಮಕ್ಕಳನ್ನು ಕರೆಯುವ ನಮಗೆ ಅದು ಸಲೀಸು.

‘ನಮ್ಮ ಹಾಗೇ’ ಎಂದಿರಿ. ಹೋಲಿಕೆ ಇದೆ, ಆದರೆ ಅದು ಬೆಚ್ಚಗಿನ ಹೋಲಿಕೆ ಮಾತ್ರ ಅಲ್ಲ. ನಿಮ್ಮ ಈ ಕಥೆ ಇರುವ ರುಲ್ಫೊ ಅವರ 1953ರ ಸಂಕಲನದಲ್ಲೇ ಇನ್ನೊಂದು ಕಥೆಯಿದೆ. ಹನ್ನೆರಡು ತುಂಬಿದ ತಾಚಾಗೆ ಅಪ್ಪ ಕೊಟ್ಟ ಹಸು ಹೊಳೆಯ ಪಾಲಾಗುತ್ತದೆ. ಅವಳ ಇಬ್ಬರು ಅಕ್ಕಂದಿರು ಬಡತನದಲ್ಲಿ ದಾರಿ ತಪ್ಪಿದ್ದಾರೆ. ಇವಳಿಗೂ ಹಾಗಾಗದಿರಲಿ, ಹಸುವಿನ ಆಸೆಗಾದರೂ ಒಬ್ಬ ಗಂಡು ಬಂದು ಕಟ್ಟಿಕೊಳ್ಳಲಿ ಎಂಬುದು ಅಪ್ಪನ ಲೆಕ್ಕ. ಹೆಣ್ಣಿನ ಮಾನವನ್ನು ಒಂದು ಹಸುವಿನ ಗೂಟಕ್ಕೆ ಕಟ್ಟಿದ ಮನೆ ಅದು. ಪ್ರೀತಿಯೂ ಅಲ್ಲೇ ಇದೆ, ಭಯವೂ ಅಲ್ಲೇ ಇದೆ.

ಗಡಿಯಾಚೆ, ಅಮೆರಿಕದ ಮೆಕ್ಸಿಕನ್ ಕುಟುಂಬಗಳಲ್ಲಿ ಇದನ್ನು ಹೆಂಗಸರು ಹೇಗೆ ಬರೆದರು ಎಂದು ನೋಡಬೇಕಾದರೆ ಸಾಂಡ್ರಾ ಸಿಸ್ನೆರೋಸ್ ಅವರ 1991ರ ಸಂಕಲನ ಹಿಡಿಯಿರಿ. ಅದರ ಶೀರ್ಷಿಕೆ ಕಥೆಯ ಕ್ಲೆಯೋಫಿಲಾಸ್ ಮದುವೆಯಾಗಿ ಟೆಕ್ಸಸ್‌ಗೆ ಬಂದು ಗಂಡನ ಏಟು ತಿನ್ನುತ್ತಾಳೆ. ಊರವರು ಏನಂದಾರು ಎಂಬ ಅಂಜಿಕೆ ಅವಳನ್ನು ತವರಿಗೆ ಮರಳದಂತೆ ಹಿಡಿಯುತ್ತದೆ. ನಾನು ನಿನ್ನ ಅಪ್ಪ, ಎಂದೂ ಕೈಬಿಡುವುದಿಲ್ಲ ಎಂದು ಬೀಳ್ಕೊಟ್ಟ ಅಪ್ಪನ ಮಾತು, ಕೊನೆಗೆ ಅವಳು ಹೊರಟಾಗ, ಹೋಗಿ ಸೇರುವ ಮನೆಯಾಗುತ್ತದೆ. ಎಲೆನಾ ಮರಿಯಾ ವಿರಾಮೊಂತೆಸ್ ಅವರ 1985ರ ಸಂಕಲನದಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ಸಾಯುತ್ತಿರುವ ಅಜ್ಜಿಯ ಆರೈಕೆ ಮಾಡಿ, ಸತ್ತ ಮೇಲೆ ತಾನೇ ಮೈ ತೊಳೆಯುತ್ತಾಳೆ. ಮನೆಯವರ ಪಾಲಿಗೆ ಅವಳು ಮಾತು ಕೇಳದ, ಚರ್ಚಿಗೆ ಹೋಗದ ಒರಟು ಮಗಳು. ಹಿರಿಯರ ಸೇವೆಯನ್ನು ಕಥೆ ಅವಳ ಕೈಗೇ ಕೊಟ್ಟಿರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಿಮ್ಮ ಕರಡಿಗೆ ಬರೋಣ. ತೊನಾಯಾ ಊರು ಮುಟ್ಟಿದ ಮೇಲೆ ಅಪ್ಪ ತನ್ನ ಕತ್ತನ್ನು ಬಿಗಿದಿದ್ದ ಮಗನ ಬೆರಳುಗಳನ್ನು ಬಿಡಿಸುತ್ತಾನೆ. ಕಿವಿ ತೆರವಾಗುತ್ತದೆ, ಎಲ್ಲೆಡೆ ನಾಯಿ ಬೊಗಳುವುದು ಕೇಳಿಸುತ್ತದೆ. ಅವನ ಕೊನೆಯ ಮಾತಿಗೆ ನೀವು ‘ನಿಮಗೆ ಕೇಳಿಸಲಿಲ್ಲವೇ’ ಎಂದು ಬರೆದಿದ್ದೀರಿ. ಮೂಲದಲ್ಲಿ ಅಲ್ಲಿರುವುದು ‘ತೂ’. ‘ನಿನಗೆ ಕೇಳಿಸ್ಲಿಲ್ವೇನೋ ಇಗ್ನಾಸಿಯೊ’ ಎಂದು ತಿದ್ದಿ ಕಳುಹಿಸಿಕೊಡಿ.

– ಸಂಪಾದಕ