ಬುಟ್ಟಿ ಇಳಿಸಿದ ಮೇಲೆ

ಗುರುತು ಸಿಗಬಾರದೆಂದು ಹೆಸರು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಅಮ್ಮನೂ ಮಗನೂ ಒಪ್ಪಿದ್ದಾರೆ.

ನಾಗಮ್ಮ ಎಂದು ಕರೆಯೋಣ. ವಯಸ್ಸು 72. ಕುಮಟಾ ಕಡೆಯ ಕಡಲಂಚಿನ ಮೀನುಗಾರರ ಕೇರಿಯವರು. "ಆಯಿಗೆ ಮರೆವಿನ ಕಾಯಿಲೆ ಶುರುವಾಯ್ತು ಕಾಣ್ತದೆ" ಎಂದು ಮಗ ಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು. ಮಾತು ಕಡಿಮೆಯಾಗಿದೆ, ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ, ಇಡೀ ದಿನ ಟಿವಿ ಮುಂದೆ ಕೂತಿದ್ದರೂ ಏನು ನೋಡಿದೆ ಎಂದರೆ ಹೇಳಲು ಬರುವುದಿಲ್ಲ. ಬಚ್ಚಲಲ್ಲಿ ಎರಡು ಸಲ ಜಾರಿದ್ದಾರೆ. ಸೊಸೆಗೆ ಅದಕ್ಕಿಂತ ದೊಡ್ಡ ಚಿಂತೆ ಊಟದ್ದು: ನಾಲ್ಕು ತುತ್ತು ತಿಂದು ಕೈ ತೊಳೆದುಬಿಡುತ್ತಾರೆ.

ಮಗ, ಸೊಸೆ ಇಬ್ಬರೂ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವವರು. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ವಯಸ್ಸಾದವರ ಒಂಟಿತನ ಎಂದ ಕೂಡಲೇ ನಮಗೆ ಮಕ್ಕಳು ಬಿಟ್ಟುಹೋದ ಮನೆಯೇ ನೆನಪಾಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ನಡುವೆ ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗಳಿವೆ. ಆ ಕಷ್ಟ ಬೇರೆ ತರಹದ್ದು. ನಾಗಮ್ಮನವರ ಮನೆಯಲ್ಲಿ ಮೊಮ್ಮಕ್ಕಳೂ ಸೇರಿ ಐದು ಜನ. ಸುತ್ತ ಜನ ಇಲ್ಲದಿರುವುದು ಒಂದು, ಜನ ಇದ್ದೂ ತನ್ನವರೆನ್ನುವವರು ಯಾರೂ ಇಲ್ಲ ಅನ್ನಿಸುವುದು ಇನ್ನೊಂದು. ಇವರದ್ದು ಎರಡನೆಯದು ಎಂದು ನಾನು ಮೊದಲು ಅಂದುಕೊಂಡೆ. ವಿಚಾರಿಸುತ್ತ ಹೋದಂತೆ ಎರಡೂ ಇತ್ತು.

ಮದುವೆಯಾಗಿ ಬಂದ ಮೇಲೆ ಅತ್ತೆಯ ಜೊತೆ ಬುಟ್ಟಿ ಹೊತ್ತವರು ಅವರು. ನಸುಕಿನಲ್ಲಿ ಬಂದರಿಗೆ ಹೋಗಿ ಮೀನು ಕೊಂಡು, ಟೆಂಪೋ ಹತ್ತಿ ಒಳನಾಡಿನ ಊರಿಗೆ ಹೋಗಿ, ಅಲ್ಲಿಂದ ಮನೆಮನೆಗೆ ನಡಿಗೆ. ಮಗನಿಗೆ ಸರ್ಕಾರಿ ನೌಕರಿ ಸಿಕ್ಕಿತು, ಹೆದ್ದಾರಿಯ ಮೇಲ್ಗಡೆ ಆರ್‌ಸಿಸಿ ಮನೆ ಆಯಿತು. ಆಗ ಮಗ ಹೇಳಿದ್ದು: "ಇನ್ನು ಸಾಕು ಆಯಿ, ನೀನು ಕೂತ್ಕೊ." ಪ್ರೀತಿಯಿಂದಲೇ ಹೇಳಿದ್ದು. ಜೊತೆಗೆ, ಅವರೇ ಒಪ್ಪಿಕೊಂಡಂತೆ, ನೌಕರಿಯಲ್ಲಿರುವ ಮಗನ ತಾಯಿ ಬುಟ್ಟಿ ಹೊರುವುದು ಕಂಡರೆ ಜನ ಏನಂದಾರು ಎಂಬುದೂ ಇತ್ತು.

ನಾಗಮ್ಮನವರ ಜೊತೆ ಒಬ್ಬರೇ ಇರುವಾಗ ಮಾತಾಡಿದೆ. ಹತ್ತಿರ ಕೂತು, ಮುಖಕ್ಕೆ ಮುಖ ಕೊಟ್ಟು, ನಿಧಾನ. ಹೆಗಲ ಮೇಲಿನ ಟವೆಲನ್ನು ಸುರುಳಿ ಸುತ್ತಿ ಸಿಂಬೆ ಮಾಡುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಯಾವ ಯಾವ ಮನೆಗೆ ಹೋಗುತ್ತಿದ್ದಿರಿ ಎಂದು ಕೇಳಿದ್ದೇ ತಡ, ಮಾತು ಬಂತು. "ಮಾಸ್ತರ ಮನೆಗೆ ಶೆಟ್ಲಿ ಬೇಕು ಅಕ್ಕೋರೆ, ಅವರ ಹೆಂಡ್ತಿಗೆ ತಾರ್ಲೆ ವಾಸ್ನೆ ಆಗೂದಿಲ್ಲ. ಬಾಣಂತಿ ಇದ್ದ ಮನೆಗೆ ಮೋರಿ ಸಿಕ್ಕಿದ್ ದಿನ ಮೊದ್ಲು ಹೋಗೂದು. ತುದಿ ಮನೆ ಅಜ್ಜಿಗೆ ಮೀನೇ ಬ್ಯಾಡ, ಕೂತು ಮಾತಾಡೂಕೆ ಜನ ಬೇಕು." (ಶೆಟ್ಲಿ ಎಂದರೆ ಸಿಗಡಿ, ತಾರ್ಲೆ ಎಂದರೆ ಬೂತಾಯಿ, ಮೋರಿ ಎಂದರೆ ಸಣ್ಣ ಶಾರ್ಕ್.) ಒಂದೊಂದೇ ಮನೆ, ಹೋಗುತ್ತಿದ್ದ ಸಾಲಿನಲ್ಲೇ ಹೇಳಿದರು. ಬಾಕಿ ಯಾರದ್ದು ಉಳಿದಿದೆ ಎಂಬುದು ಸಹ.

ಇದನ್ನು ಕೇಳಿ ಮರೆವಿಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. ಮರೆವಿನ ಕಾಯಿಲೆಯಲ್ಲಿ ಹಳೆಯ ನೆನಪು ಎಷ್ಟೋ ಕಾಲ ಗಟ್ಟಿಯಾಗಿಯೇ ಇರುತ್ತದೆ, ಹೋಗುವುದು ಮೊದಲು ಹೊಸದು. ಅದಕ್ಕೇ ವೈದ್ಯರ ಬಳಿ ಕಳಿಸಿದೆ: ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ12, ಕಣ್ಣು, ಕಿವಿ, ನೆನಪಿನ ಪರೀಕ್ಷೆ. ನೆನಪು ವಯಸ್ಸಿಗೆ ತಕ್ಕಂತೆ ಇತ್ತು. ಬಿ12 ಕಡಿಮೆ, ಒಂದು ಕಣ್ಣಿಗೆ ಪೊರೆ. ಎರಡೂ ಕಿವಿ ಸಾಕಷ್ಟು ಮಂದ. ಕೇಳಿದ್ದಕ್ಕೆ ಉತ್ತರ ಬರದಿದ್ದುದು ಕೇಳಿಸದೆ! ಕಿವಿ ಮಂದವಾದವರು ಎರಡು ಸಲ "ಆಂ?" ಎಂದು, ಮೂರನೇ ಸಲಕ್ಕೆ ನಾಚಿ ಸುಮ್ಮನಾಗುತ್ತಾರೆ. ಮನೆಯವರು ಅದನ್ನು ಮರೆವು ಅನ್ನುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ, ಮತ್ತೆ ಮತ್ತೆ ಬೇಸರವಾಗುತ್ತದೆ.

ಮಗನ ಭಯವನ್ನು ತಳ್ಳಿಹಾಕಲಿಲ್ಲ. ಮರೆವಿನ ಕಾಯಿಲೆಯ ಬಗ್ಗೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ ನಾವು ತಿದ್ದಿಕೊಳ್ಳಬಹುದಾದ 14 ಅಪಾಯಗಳ ಪಟ್ಟಿ ಇದೆ. ಕಿವಿ ಮಂದವಾಗುವುದು, ಚಿಕಿತ್ಸೆ ಕೊಡಿಸದ ಕಣ್ಣಿನ ತೊಂದರೆ, ಖಿನ್ನತೆ, ಮೈಗೆ ಚಲನೆ ಇಲ್ಲದಿರುವುದು, ಜನರಿಂದ ದೂರವಾಗುವುದು ಎಲ್ಲ ಅದರಲ್ಲಿವೆ. "ನೀವು ಹೆದರಿದ ಕಾಯಿಲೆ ಈಗ ಇಲ್ಲ. ಆದರೆ ಅದಕ್ಕೆ ದಾರಿ ಮಾಡಿಕೊಡುವ ಹಲವು ಸಂಗತಿ ಮನೆಯಲ್ಲೇ ಇವೆ" ಎಂದೆ.

ಒಂಟಿತನ ಅಳೆಯಲು ಮೂರು ಪ್ರಶ್ನೆಗಳ ಒಂದು ಅಳತೆಗೋಲಿದೆ. ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದೆಯೇ, ನಿಮ್ಮನ್ನು ಬಿಟ್ಟು ನಡೆಯುತ್ತಾರೆ ಅನ್ನಿಸುತ್ತದೆಯೇ, ಎಲ್ಲರಿಂದ ದೂರ ಉಳಿದೆ ಅನ್ನಿಸುತ್ತದೆಯೇ? ಅಂಕ 3ರಿಂದ 9. ಅವರದ್ದು 8. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರಲು ಹೇಳಿದೆ. ಈ ವಯಸ್ಸಿನ ಹೆಂಗಸರು 30 ಸೆಕೆಂಡಿನಲ್ಲಿ 10ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. ಬುಟ್ಟಿ ಹೊತ್ತು ಊರೆಲ್ಲ ತಿರುಗಿದ ಈ ಅಮ್ಮ ಆರು ಸಲಕ್ಕೆ ಸುಸ್ತಾದರು. ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ, ಇಲ್ಲ ಎಂದರು.

ವಾಕಿಂಗ್ ಬೇಕು ಎಂದು ಮಗನಿಗೂ ಗೊತ್ತಿತ್ತು. ತಾರಸಿಯ ಮೇಲೆ ಬೆಳಿಗ್ಗೆ ಹತ್ತು ಸುತ್ತು ಎಂದು ನಿಯಮ ಮಾಡಿದ್ದರು. ಕೆಲವು ದಿನ ನಡೆದು ಬಿಟ್ಟರು. ಯಾಕೆಂದು ಕೇಳಿದರೆ, "ಅಲ್ಲಿ ಯಾರಿದ್ದಾರೆ ಅಕ್ಕೋರೆ?" ಅವರ ನಡಿಗೆಯ ಪ್ರತಿ ತಿರುವಿನಲ್ಲಿ ಒಬ್ಬರು ಕಾಯುತ್ತಿದ್ದರು. ಬುಟ್ಟಿ ಇಳಿಸಿದ ದಿನ ನಡಿಗೆಯೂ ಹೋಯಿತು, ಆ ಮನೆಗಳೂ ಹೋದವು, "ಇವತ್ತು ಏನು ತಂದಿ?" ಎಂದು ಕೇಳುವವರೂ ಹೋದರು. ನಾಲ್ಕು ಪಥವಾದ ಹೆದ್ದಾರಿ ಹಳೆಯ ಕೇರಿಯನ್ನೂ ಆಚೆ ಮಾಡಿತು. ಒಂದು ಕಣ್ಣಿಗೆ ಪೊರೆ ಇರುವವರು ಆ ಲಾರಿಗಳ ನಡುವೆ ದಾಟುವುದು ಹೇಗೆ? ಜನ ಇಲ್ಲವೆಂದು ಕಾಲು ಏಳುವುದಿಲ್ಲ, ಕಾಲು ಸೋತಿತೆಂದು ಜನರ ಬಳಿ ಹೋಗುವುದಿಲ್ಲ. ಬರೀ ವ್ಯಾಯಾಮದ ಚೀಟಿ ಇಂಥವರಿಗೆ ಸಾಲದು.

ಕೊಟ್ಟ ಸಲಹೆ ಹೀಗಿತ್ತು. ತಲೆಯ ಮೇಲೆ ಭಾರ ಬೇಡ. ಮಂಡಿ ಸವೆದಿದೆ ಎಂದು ವೈದ್ಯರೂ ಹೇಳಿದ್ದರು. ಆದರೆ ಮನೆಗೆ ಮೀನು ಆರಿಸುವುದು ನಾಳೆಯಿಂದ ಅವರ ಕೆಲಸ. ಅಲ್ಲಿಯವರೆಗೆ ಮಗ ಬೈಕಿನಲ್ಲಿ ತರುತ್ತಿದ್ದರು, ಇಡೀ ಜೀವನ ಮೀನು ಮಾರಿದವರನ್ನು ಒಂದು ಮಾತೂ ಕೇಳದೆ. ಮೀನಿನ ಗಾಡಿ ನಿಲ್ಲುವ ತಿರುವಿಗೆ ಸೊಸೆಯ ಜೊತೆ ನಡೆದು ಹೋಗಬೇಕು, ಕಿವಿರು ಎತ್ತಿ ನೋಡಿ ಚೌಕಾಸಿ ಮಾಡಬೇಕು. ವಾರದಲ್ಲಿ ಮೂರು ದಿನ ಆಟೋದಲ್ಲಿ ಹೆದ್ದಾರಿ ದಾಟಿಸಿ ಹಳೆಯ ಕೇರಿಯಲ್ಲಿ ಬಿಡುವುದು. ಅಲ್ಲಿ ಅವರ ಜೊತೆ ಬುಟ್ಟಿ ಹೊರುತ್ತಿದ್ದ ಗೆಳತಿ ಮೀನು ಒಣಗಿಸುತ್ತಾರೆ. ಸುಮ್ಮನೆ ಕೂರಲು ನಾಗಮ್ಮನವರಿಗೆ ನಾಚಿಕೆ, ಮೀನು ಮಗುಚುವ ಕೆಲಸಕ್ಕೆ ಕೂಡಲೇ ಒಪ್ಪಿದರು. ಮಗನ ಮುಖ ಸಣ್ಣದಾಯಿತು. "ದುಡಿಯಲು ಕಳಿಸುತ್ತಿಲ್ಲ, ತಾಯಿಯನ್ನು ಅವರ ಜನರ ಬಳಿ ಬಿಡುತ್ತಿದ್ದೀರಿ" ಎಂದೆ. ಒಪ್ಪಲು ಅವರಿಗೆ ಸಮಯ ಹಿಡಿಯಿತು.

65 ದಾಟಿದವರಿಗೆ ವಾರಕ್ಕೆ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಮೂರು ದಿನ ಸಮತೋಲನ ಮತ್ತು ಬಲದ ವ್ಯಾಯಾಮ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಅಷ್ಟು ಒಮ್ಮೆಲೇ ಆಗದು. ಹತ್ತು ನಿಮಿಷದಿಂದ ಶುರು, ನಡೆಯುವಾಗ ಮಾತಾಡಲು ಆಗುವಷ್ಟೇ ವೇಗ. ಊಟಕ್ಕೆ ಮೊದಲು ಕುರ್ಚಿಯಿಂದ ಐದು ಸಲ ಏಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ. ಬಚ್ಚಲಿಗೆ ಹಿಡಿಕೆ. ಎದೆನೋವು ಬಂದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಮನೆಯವರಿಗೆ ಹಿರಿಯರ ಸಹಾಯವಾಣಿ 14567, ಮನಸ್ಸಿನ ಕಷ್ಟಕ್ಕೆ ಟೆಲಿಮಾನಸ್ 14416 ಬರೆದುಕೊಟ್ಟೆ. ಮೊಮ್ಮಕ್ಕಳಿಗೆ ಒಂದೇ ಮಾತು: ಟಿವಿ ಆರಿಸಿ, ಅಜ್ಜಿಯ ಎದುರು ಬಂದು ಮಾತಾಡಿ.

ಕೆಲವು ತಿಂಗಳಲ್ಲಿ ಕುರ್ಚಿಯಿಂದ ಏಳುವ ಲೆಕ್ಕ ಆರರಿಂದ ಒಂಬತ್ತಾಯಿತು, ಒಂಟಿತನದ ಅಂಕ 8ರಿಂದ 6ಕ್ಕೆ ಇಳಿಯಿತು. ಊಟ ಸುಧಾರಿಸಿದೆ. ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. ಕಿವಿಯ ಯಂತ್ರವನ್ನು ಮಾತ್ರ ಗದ್ದಲ ಎಂದು ತೆಗೆದಿಡುತ್ತಾರೆ, ಅದರ ಅಭ್ಯಾಸ ಇನ್ನೂ ಆಗಬೇಕು. ಸಂಜೆ ಹೊತ್ತು ಈಗಲೂ ಕಷ್ಟವೇ.

ನನಗೆ ಚಿಂತೆ ಮಳೆಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನು ಒಣಗಿಸುವ ಕೆಲಸವೂ ಇಲ್ಲ, ಅಂಗಳವೆಲ್ಲ ಪಾಚಿ. ಹಾಗಾಗಿ ಮಳೆಗಾಲದ ನಾಲ್ಕು ತಿಂಗಳಿಗೂ ಬೇರೆ ಏರ್ಪಾಡು ಮಾಡಿದೆವು: ಆಟೋ ನಿಲ್ಲಬಾರದು, ಈಚೆಯಿಂದ ಆಚೆಗೆ ಹೋಗುವ ಬದಲು ಗೆಳತಿಯನ್ನೇ ಈಚೆ ಕರೆತರುವುದು. ಇಬ್ಬರೂ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಎದ್ದು ಕೂರುವ ವ್ಯಾಯಾಮ ಒಟ್ಟಿಗೇ ಮಾಡುವುದು. ಆಟೋದ ಖರ್ಚು ಮಗನದ್ದು, ಚಹಾ ನಾಗಮ್ಮನವರದ್ದು ಎಂದು ಅವರೇ ಮಾತಾಡಿ ತೀರ್ಮಾನಿಸಿದರು.