ಐತಿಹಾಸಿಕ ಮನೆಯನ್ನು ಜನರಿಗೆ ತೆರೆದರಷ್ಟೇ ಸಾಕೇ?

ಸಾಲದು, ಆ ಮನೆಯ ಬದುಕನ್ನು ಬಲ್ಲ ಊರವರೂ ಅದರಲ್ಲಿ ಪಾಲುದಾರರಾಗಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಯನ್ನೇ ನೋಡಿ. ಕುವೆಂಪು ಬೆಳೆದ ಮೂರಂತಸ್ತಿನ ಆ ತೊಟ್ಟಿಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡು ಬಂದಿದ್ದು, ಅಲ್ಲಿ ಕವಿಯ ಬಳಕೆಯ ವಸ್ತುಗಳ ಜೊತೆಗೆ 1937ರಲ್ಲಿ ನಡೆದ ಅವರ ಮದುವೆಯ ಮಂಟಪ ಮತ್ತು ಮಲೆನಾಡಿನ ಮನೆಬಳಕೆಯ ಹಳೆಯ ಸಾಮಾನುಗಳೂ ಇವೆ. ನನ್ನ ದೃಷ್ಟಿಯಲ್ಲಿ ಆ ಸಾಮಾನುಗಳೇ ಬಹುದೊಡ್ಡ ಆಸ್ತಿ, ಏಕೆಂದರೆ ಕಾವ್ಯವನ್ನು ಓದದ ಅಜ್ಜಿಯೊಬ್ಬರು ಕೂಡ ಒರಳುಕಲ್ಲಿನ ಮುಂದೆ ನಿಂತು ಮೊಮ್ಮಗಳಿಗೆ ಅದರ ಬಳಕೆಯನ್ನು ಯಾವ ಫಲಕಕ್ಕಿಂತಲೂ ಚೆನ್ನಾಗಿ ವಿವರಿಸಬಲ್ಲರು. ಅಂಥವರ ಮಾತನ್ನು ಧ್ವನಿಮುದ್ರಿಸಿ ಪ್ರದರ್ಶನದ ಭಾಗವಾಗಿಸುವುದು, ಸುತ್ತಲಿನ ಹಳ್ಳಿಗಳ ಯುವಜನರಿಗೇ ಮಾರ್ಗದರ್ಶಕರ ತರಬೇತಿ ನೀಡುವುದು, ಶಾಲಾ ಮಕ್ಕಳು ಒಂದು ಸುತ್ತು ಹಾಕಿ ಹೊರಡದೆ ಅಂಗಳದಲ್ಲಿ ಕುಳಿತು ಚಿತ್ರ ಬರೆಯಲು, ಕಥೆ ಕೇಳಲು ಸಮಯ ಕೊಡುವುದು ಇವೆಲ್ಲ ಹೆಚ್ಚಿನ ಖರ್ಚಿಲ್ಲದೆ ಆಗುವ ಕೆಲಸಗಳು.

ಇಂಥ ಮನೆಗಳ ಎತ್ತರದ ಹೊಸ್ತಿಲು, ಕಡಿದಾದ ಮರದ ಮೆಟ್ಟಿಲುಗಳು ವೃದ್ಧರಿಗೂ ಅಂಗವಿಕಲರಿಗೂ ಅಡ್ಡಿಯಾಗುತ್ತವೆ. ಮೂಲ ಮರಗೆಲಸಕ್ಕೆ ಮೊಳೆ ಹೊಡೆಯದೆ ತೆಗೆದಿಡಬಹುದಾದ ಇಳಿಜಾರು ಹಲಗೆಗಳನ್ನು ಹಾಕಿ, ಮೇಲಂತಸ್ತಿನ ಕೋಣೆಗಳನ್ನು ಕೆಳಗಿನ ಜಗಲಿಯಲ್ಲೇ ವಿಡಿಯೊ ಮೂಲಕ ತೋರಿಸಬಹುದು.