ಹಳೆಯ ಹಸು ಹೊಸ ಪಡ್ಡೆಯನ್ನು ಮೇಯಲು ಬಿಡುತ್ತಿಲ್ಲ, ಮಾರಿಬಿಡಲೇ?

ಚನ್ನರಾಯಪಟ್ಟಣದ ಹತ್ತಿರ ಐದು ಸೀಮೆ ಹಸುಗಳನ್ನು ಕಟ್ಟದೆ ಸಾಕಿದ್ದೀರಿ, ಹೊಸದಾಗಿ ತಂದ, ಇನ್ನೂ ಕರು ಹಾಕದ ಪಡ್ಡೆಯನ್ನು ದೊಡ್ಡ ಹಸುವೊಂದು ಹಾಯ್ದು ಓಡಿಸುತ್ತಿದೆ, ಅದು ಹುಟ್ಟುಗುಣವೇ ಎಂದು ಕೇಳಿದ್ದೀರಿ. ಮಾರುವ ಮಾತು ಈಗ ಬೇಡ.

ಹಿಂಡಿನ ಯಜಮಾನಿಕೆ ಬೇರೆ, ಹಸುವಿನ ಗುಣ ಬೇರೆ. ಯಜಮಾನಿಕೆ ಹೆಚ್ಚಾಗಿ ವಯಸ್ಸು, ಮೈತೂಕ, ಕೊಂಬು, ಆ ಕೊಟ್ಟಿಗೆಯಲ್ಲಿ ಎಷ್ಟು ಕಾಲದಿಂದ ಇದೆ ಎನ್ನುವುದರ ಮೇಲೆ ಹೋಗುತ್ತದೆ. ಗುಣ ತಿಳಿಯಬೇಕಾದರೆ ಹಸುಗಳು ನೋಡಿರದ ಬಣ್ಣದ ಬಕೆಟ್ಟೊಂದನ್ನು ಹತ್ತು ಅಡಿ ದೂರದಲ್ಲಿಟ್ಟು, ಯಾವುದು ಎಷ್ಟು ಹೊತ್ತಿಗೆ ಬಂದು ಮೂಸುತ್ತದೆ ಎಂದು ಬರೆದಿಡಿ. ವಾರ ಬಿಟ್ಟು ಬಿಚ್ಚಿದ ಕೊಡೆಯಿಟ್ಟು ನೋಡಿ. ಎರಡು ಸಲವೂ ಹಿಂದೆ ಸರಿದದ್ದು ಅಂಜುಬುರುಕ ಹಸು. ನಿಮ್ಮ ಕಣ್ಣು ಇರಬೇಕಾದದ್ದು ಅದರ ಮೇಲೆ.

ಹೊಸ ರಾಸು ಬಂದಾಗ ಮೊದಲೆರಡು ದಿನ ಹಾಯುವುದು ಜೋರು, ಸುಮಾರು ವಾರದಲ್ಲಿ ಇಳಿಯುತ್ತದೆ. ಆಮೇಲೆ ದೊಡ್ಡದು ತಲೆ ತಿರುಗಿಸಿದರೆ ಸಾಕು, ಪಡ್ಡೆ ತೊಟ್ಟಿ ಬಿಟ್ಟು ಹೋಗುತ್ತದೆ. ಜಗಳ ನಿಂತಿತೆಂದು ನಾವು ಸುಮ್ಮನಾಗುತ್ತೇವೆ, ಪಡ್ಡೆಗೆ ಮಾತ್ರ ಉಳಿದ ದಂಟೇ ಗತಿ. ಮೇವು ಹಾಕಿ ಎರಡು ಗಂಟೆಯಾದ ಮೇಲೆ ಅದರ ಎಡಮಗ್ಗುಲು ನೋಡಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಮುಕ್ಕೋನದ ಗುಳಿ ಆಳವಾಗಿದ್ದರೆ ಹೊಟ್ಟೆಗೆ ಬಿದ್ದಿಲ್ಲ. ಇತ್ತ ಹಿಂಡಿಯನ್ನೆಲ್ಲ ದೊಡ್ಡ ಹಸುವೊಂದೇ ನುಂಗಿದರೆ ಅದಕ್ಕೂ ಹೊಟ್ಟೆ ಹುಳಿಯಾಗಿ ಮೇವು ಬಿಡುವ ಅಪಾಯವಿದೆ.

ತೊಟ್ಟಿಯಲ್ಲಿ ಹಸುವಿಗೆ ಎರಡೂವರೆ ಅಡಿ ಜಾಗ ಬೇಕು, ಆರಕ್ಕೆ ಹದಿನೈದು ಅಡಿ. ಜಾಗ ಕಡಿಮೆಯಿದ್ದರೆ ರಾಗಿ ಹುಲ್ಲನ್ನು ಎದುರು ಗೋಡೆಯ ಬಳಿ ಇನ್ನೊಂದು ಕಡೆ ಹಾಕಿ. ಹಿಂಡಿ ಕೊಡುವ ಮುಕ್ಕಾಲು ಗಂಟೆ ಎಲ್ಲವನ್ನೂ ಕಣ್ಣಿ ಹಾಕಿ ಕಟ್ಟಿ, ಹಾಯುವುದು ಒಂದು ತುದಿಗೆ, ಪಡ್ಡೆ ಇನ್ನೊಂದು ತುದಿಗೆ. ನೀರಿನ ತೊಟ್ಟಿ ಎರಡು ಕಡೆ ಇರಲಿ. ಮೂಲೆಯಲ್ಲಿದ್ದರೆ ಒಂದೇ ಹಸು ಅಡ್ಡ ನಿಂತು ದಾರಿ ಕಟ್ಟುತ್ತದೆ. ತೊಟ್ಟಿಯ ಹಿಂದೆ ಹನ್ನೆರಡು ಅಡಿಯಾದರೂ ಬಯಲಿರಲಿ, ಓಡಲು ಜಾಗವಿಲ್ಲದ ಕಡೆಯೇ ಪೆಟ್ಟು ಬೀಳುವುದು. ಮುಂದೆ ಹೊಸದು ತಂದರೆ ಮೂರ್ನಾಲ್ಕು ದಿನ ಪೈಪಿನ ಅಡ್ಡದಾಚೆ ಒಂದು ಸಾಧು ಹಸುವಿನ ಜೊತೆ ಬಿಟ್ಟು, ಎರಡನ್ನೂ ಒಟ್ಟಿಗೇ ಉಳಿದ ಹಸುಗಳ ಜೊತೆ ಸೇರಿಸಿ.

ಸಾಧುವಾಗಿದ್ದ ಹಸು ಇದ್ದಕ್ಕಿದ್ದಂತೆ ಹಾಯತೊಡಗಿದರೆ ಗುಣ ಎನ್ನಬೇಡಿ. ಬೆದೆಯೋ, ಅಂಡಾಶಯದ ತೊಂದರೆಯೋ, ನೋವೋ ಇರಬಹುದು, ಪಶುವೈದ್ಯರಿಗೆ ತೋರಿಸಿ. ಇಷ್ಟೆಲ್ಲ ಮಾಡಿ ಮೂರು ವಾರ ಕಳೆದರೂ ಗಬ್ಬದ ಹಸುಗಳ ಹೊಟ್ಟೆಗೇ ಹಾಯುತ್ತಿದ್ದರೆ ನಾನಾದರೆ ಅದನ್ನು ಬೇರೆ ಕಟ್ಟುತ್ತೇನೆ. ಬೇರೆ ಕಟ್ಟಲು ಜಾಗವಿಲ್ಲದಿದ್ದರೆ ಮಾತ್ರ ಮಾರಿ, ಕೊಳ್ಳುವವರಿಗೆ ಹಾಯುತ್ತದೆಂದು ಹೇಳಿಯೇ ಮಾರಿ.